ವಾಲ್ವಿನ ವೀಣೆ
ಬಸವನಗುಡಿಯ ಗೆಳೆಯರೊಬ್ಬರ ಮನೆಯಲ್ಲಿ ಮೊನ್ನೆ ಒಂದೇ ವೀಣಾವಾದನವನ್ನು ಒಂದೇ ಹೆಡ್‌ಫೋನಿನಲ್ಲಿ ಎರಡು ಬಾರಿ ಕೇಳಿದೆ: ಮೊದಲು ವಾಲ್ವಿನ ಆಂಪ್ಲಿಫೈಯರಿನಿಂದ, ಅನಂತರ ಟ್ರಾನ್ಸಿಸ್ಟರಿನದರಿಂದ. ನಮ್ಮೂರಿಗೆ ಇವೆರಡೂ ಹೊಸವಲ್ಲ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು.

ವಾಲ್ವು ಕಾಯುವವರೆಗೆ ನಾವೂ ಕಾಯಬೇಕು. ಕಾದ ಮೇಲೆ ವೀಣೆ ಮೈದುಂಬಿ ನುಡಿಯಿತು. ಆದರೆ ಆ ತುಂಬುತನವೆಲ್ಲ ವೈಣಿಕರದಲ್ಲ. ಸರಳವಾದ ಟ್ರಯೋಡ್ ವಾಲ್ವು ಪ್ರತಿ ಸ್ವರಕ್ಕೂ ಅದರ ಇಮ್ಮಡಿ ಕಂಪನವನ್ನು ತಾನಾಗಿ ತುಸು ಬೆರೆಸುತ್ತದೆ. ಸಂಗೀತ ಬಲ್ಲ ವಾಚಕರಿಗೆ ಹೇಳಬೇಕಾಗಿಲ್ಲ, ಅದು ಷಡ್ಜಕ್ಕೆ ತಾರಷಡ್ಜ. ತಂಬೂರಿಯಲ್ಲಿ ನಾವು ನಿತ್ಯ ಕೇಳುವ ನಂಟು. ಅಂತೆಯೇ ಕಿವಿ ಅದನ್ನು ದೋಷವೆನ್ನದೆ ಇಂಪೆನ್ನುತ್ತದೆ. ಪಿಟೀಲು, ಮೃದಂಗ, ಘಟಗಳು ಕೂಡಿದಾಗಲಾದರೋ ಈ ಬೆರಕೆಯಿಂದಲೇ ಯಾರೂ ನುಡಿಸದ ನಾದಗಳು ಹುಟ್ಟಿ ಮಬ್ಬು ಕವಿಯುತ್ತದೆ.

ಒಳ್ಳೆಯ ಟ್ರಾನ್ಸಿಸ್ಟರಿನದು ಬಂದುದನ್ನು ಬಂದಂತೆಯೇ ದಾಟಿಸುತ್ತದೆ. ಮೀಟಿನ ಪೆಟ್ಟು, ತಂತಿಯ ಮೇಲೆ ಬೆರಳು ಜಾರುವ ಸದ್ದು ಸಹ. ಹೆಡ್‌ಫೋನಿನ ಮಾತೂ ಉಂಟು. ಗೆಳೆಯರದು 300 ಓಮಿನದು; 32 ಓಮಿನದನ್ನು ಸಿಕ್ಕಿಸಿದೊಡನೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಲ್ಲದ ಆ ವಾಲ್ವಿನ ಯಂತ್ರದಲ್ಲಿ ಮಂದ್ರಸ್ಥಾಯಿಯೇ ಸೊರಗಿತು.

ಗೆಳೆಯರು ವಾಲ್ವನ್ನು ಬಿಡರು. ಗಮಕ ಕಲಿಯುವ ಹುಡುಗನೊಬ್ಬ ಕೇಳಿದರೆ ನಾನು ಟ್ರಾನ್ಸಿಸ್ಟರಿನದನ್ನೇ ಕೊಡುವೆನು.