ಚಾವಣಿ ಸೌರ ವಿದ್ಯುತ್ತಿಗೆ ಎಂತಹ ಸೋರಿಕೆ ರಕ್ಷಕ ಬೇಕು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಆಚೆ ಹೊಸಕೋಟೆ, ಆನೇಕಲ್, ನೆಲಮಂಗಲ ಸೀಮೆಯಲ್ಲಿ ಬಡಾವಣೆಗಳ ನಡುವೆ ಉಳಿದುಕೊಂಡಿರುವ ಬೇಸಾಯಗಾರರ ಮನೆಗಳ ಮೇಲೂ ಈಗ ಸೌರ ಫಲಕಗಳು ಕಾಣಸಿಗುತ್ತವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ ಕೇಂದ್ರ ಸರ್ಕಾರ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ಘಟಕ ಹಾಕಿಸುವವರು ದರ ಕೇಳುತ್ತಾರೆ, ಬಿಲ್ಲು ಎಷ್ಟು ಇಳಿಯುತ್ತದೆಂದು ಕೇಳುತ್ತಾರೆ. ಬೋರ್ಡಿನಲ್ಲಿ ಯಾವ ಸೋರಿಕೆ ರಕ್ಷಕ ಕೂಡಿಸುತ್ತೀರಿ ಎಂದು ಕೇಳುವವರು ವಿರಳ.

ಎಂ.ಸಿ.ಬಿ. ಇದೆಯಲ್ಲ, ಅದೇ ಸಾಕು ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. 16 ಆಂಪಿಯರ್ ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನಲ್ಲಿ ದೇಹದೊಳಗೆ ಹರಿಯುವುದು ಕಾಲು ಆಂಪಿಯರಿಗೂ ಕಡಿಮೆ. ಜೀವ ಹೋಗಲು ಅಷ್ಟು ಸಾಕು. ಎಂ.ಸಿ.ಬಿ.ಗೆ ಮಾತ್ರ ಅದು ಲೆಕ್ಕಕ್ಕೇ ಬರುವುದಿಲ್ಲ.

ಈ ಕೆಲಸಕ್ಕೆಂದೇ ಇರುವುದು ಆರ್.ಸಿ.ಸಿ.ಬಿ. ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳು ಇದನ್ನು ಇಂದಿಗೂ ಹಳೆಯ ಹೆಸರಿನಲ್ಲಿ ಇ.ಎಲ್.ಸಿ.ಬಿ. ಎಂದೇ ಕರೆಯುವುದುಂಟು. ಕಾಲುವೆಯ ತಲೆಯಲ್ಲಿ ಬಿಟ್ಟ ನೀರು ಕೊನೆಯ ಮಡಿಗೆ ಅಷ್ಟೇ ಪ್ರಮಾಣದಲ್ಲಿ ಬಾರದಿದ್ದರೆ ಬದುವಿನಲ್ಲಿ ಏಡಿಬಿಲ ಇದೆಯೆಂದು ತಾವು ಊಹಿಸುತ್ತೀರಿ. ಇದೂ ಹಾಗೆಯೇ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಪೂರ್ತಿ ಮರಳುತ್ತಿದೆಯೇ ಎಂದು ಒಳಗಿನ ಕಬ್ಬಿಣದ ಉಂಗುರವೊಂದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಯಾಂಪಿಯರ್ ವ್ಯತ್ಯಾಸ ಬಂದರೆ ಸಂಪರ್ಕ ಕಡಿದುಹಾಕುತ್ತದೆ. ಮೇಲೆ ಹೇಳಿದಂತಹ ಪೆಟ್ಟಿನಲ್ಲಿ ಇದಕ್ಕೆ ಬೇಕಾದ ಸಮಯ ಸೆಕೆಂಡಿನ 25ನೇ ಒಂದು ಭಾಗ ಮಾತ್ರ. ಆದರೆ ಫೇಸು, ನ್ಯೂಟ್ರಲು ಎರಡನ್ನೂ ಒಟ್ಟಿಗೆ ಮುಟ್ಟಿ, ಭೂಮಿಗೆ ಏನೂ ಸೋರದಿದ್ದರೆ ಇದಕ್ಕೆ ತಿಳಿಯುವುದಿಲ್ಲ.

ಸೌರ ಘಟಕ ಬಂದಾಗ ತೊಡಕು ಇಲ್ಲಿಯೇ ಹುಟ್ಟುತ್ತದೆ. ಫಲಕದಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್ತು. ಈಗಿನ ಇನ್ವರ್ಟರುಗಳಲ್ಲಿ ಹೆಚ್ಚಿನವಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲ. ಆದ್ದರಿಂದ ಫಲಕದ ಕಡೆ ತಂತಿಯ ಹೊದಿಕೆ ಕೆಟ್ಟಾಗ (ಚಾವಣಿಯ ಮೇಲೆ ಅಳಿಲು, ಇಲಿ ಕಡಿಯುವುದು ಅಪರೂಪವಲ್ಲ) ಆ ಡಿ.ಸಿ. ಮನೆಯ ಕಡೆಗೂ ನುಸುಳಬಹುದು. ನೀರು ಕುಡಿದು ತಣಿದ ಮಣ್ಣು ಮತ್ತೆ ಹನಿ ಹೀರದಂತೆ, ಡಿ.ಸಿ. ಹರಿದ ಉಂಗುರವೂ ಒಂದೇ ಕಡೆಗೆ ಕಾಂತಗೊಂಡು ಮಂಕಾಗುತ್ತದೆ. ಆಗ ಸ್ನಾನದ ಮನೆಯ ಗೀಸರಿನಲ್ಲಿ ನಿಜವಾದ ಸೋರಿಕೆಯಾದರೂ ರಕ್ಷಕ ಬೀಳದೆ ಹೋಗಬಹುದು.

ಆದುದರಿಂದ ರಕ್ಷಕದ ಮುಖದ ಮೇಲಿನ ಗುರುತನ್ನು ನೋಡತಕ್ಕದ್ದು. ಬರೀ ಒಂದು ಅಲೆಯ ಗುರುತಿದ್ದರೆ ಅದು ‘ಎಸಿ’ ಮಾದರಿ. ಸೌರ ಘಟಕದ ಸಾಲಿಗೆ ಬೇಡ. ಅಲೆಯ ಕೆಳಗೆ ಅರ್ಧ ಅಲೆಗಳೂ ಇದ್ದರೆ ‘ಎ’ ಮಾದರಿ. ಇದು 6 ಮಿಲಿಯಾಂಪಿಯರ್‌ವರೆಗಿನ ಡಿ.ಸಿ. ತಾಳಿಕೊಂಡು ಕೆಲಸ ಮಾಡುತ್ತದೆ. ಇವುಗಳ ಜೊತೆಗೆ ನೇರ ಗೆರೆಯೂ ಅದರಡಿ ತುಂಡು ಗೆರೆಯೂ ಇದ್ದರೆ ‘ಬಿ’ ಮಾದರಿ. ಇದು ಡಿ.ಸಿ. ಸೋರಿಕೆಯನ್ನೂ ಹಿಡಿಯುತ್ತದೆ, ಬೆಲೆ ಮಾತ್ರ ಬಲು ದುಬಾರಿ. ತಮ್ಮ ಇನ್ವರ್ಟರು ಡಿ.ಸಿ.ಯನ್ನು ಮನೆಯ ಕಡೆ ಬಿಡುವುದಿಲ್ಲವೆಂದು ತಯಾರಕರು ಕೈಪಿಡಿಯಲ್ಲಿ ಬರೆದಿದ್ದರೆ ‘ಎ’ ಸಾಕು. ಬಾಯಿಮಾತು ಬೇಡ, ಆ ಪುಟವನ್ನೇ ತೋರಿಸಲು ಹೇಳಿರಿ.

ಇನ್ನು ಮಳೆಗಾಲದ ಕಾಟ. ಫಲಕಗಳು ನೆಂದಾಗ ಯಾವ ದೋಷವಿಲ್ಲದೆಯೂ ಚೌಕಟ್ಟಿನ ಮೂಲಕ ಭೂಮಿಗೆ ಅಷ್ಟಿಷ್ಟು ವಿದ್ಯುತ್ತು ಸೋರುತ್ತದೆ. ಇಡೀ ಮನೆಗೂ ಸೌರ ಘಟಕಕ್ಕೂ ಸೇರಿ 30 ಮಿಲಿಯಾಂಪಿಯರಿನ ಒಂದೇ ರಕ್ಷಕವಿದ್ದರೆ ಅದು ಪದೇ ಪದೇ ಬೀಳುತ್ತದೆ. ಬೇಸತ್ತು ಅದನ್ನು ತೆಗೆಸಿ ತಂತಿಯನ್ನು ನೇರ ಸೇರಿಸಿಬಿಡುವ ಮನೆಗಳಿವೆ. ಇದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ಸೌರ ಸಾಲನ್ನು ಮನೆಯ ರಕ್ಷಕದ ಹಿಂದೆ, ಅಂದರೆ ಮೀಟರಿನ ಕಡೆಗೆ, ಬೇರೆಯಾಗಿ ಸೇರಿಸಿ, ಅದಕ್ಕೆ ತಯಾರಕರು ಹೇಳುವಂತೆ 100 ಅಥವಾ 300 ಮಿಲಿಯಾಂಪಿಯರಿನದನ್ನು ಕೂಡಿಸಬೇಕು. ಇದು ಬೆಂಕಿ ತಪ್ಪಿಸಲು. ಜೀವ ಕಾಯಲು ಅಲ್ಲ. ಮನೆಯ ಸಾಕೆಟ್ಟುಗಳಿಗೆ, ಸ್ನಾನದ ಮನೆಗೆ, ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರಕ್ಕೆ 30 ಮಿಲಿಯಾಂಪಿಯರಿನದು ಇದ್ದೇ ಇರಬೇಕು. ದನಗಳು ನಮಗಿಂತ ಸಣ್ಣ ಪೆಟ್ಟಿಗೇ ತತ್ತರಿಸುತ್ತವೆಂಬುದು ನೆನಪಿರಲಿ.

ಈ ಯಾವ ರಕ್ಷಕವೂ ಚಾವಣಿಯ ಮೇಲಿನ ಡಿ.ಸಿ. ತಂತಿಯನ್ನು ಮುಟ್ಟಿದವರನ್ನು ಕಾಯುವುದಿಲ್ಲ. ಬಿಸಿಲಿರುವವರೆಗೆ ಆ ತಂತಿಯಲ್ಲಿ ನೂರಾರು ವೋಲ್ಟು ಇದ್ದೇ ಇರುತ್ತದೆ. ಮಳೆಯ ಮರುದಿನ ಇನ್ವರ್ಟರಿನಲ್ಲಿ ಕೆಂಪು ದೀಪ ಕಂಡರೆ ಮತ್ತೆ ಮತ್ತೆ ಚಾಲೂ ಮಾಡದೆ ಹಾಕಿಸಿದವರನ್ನು ಕರೆಸಿರಿ.

ನಮ್ಮ ಕೆಂಪು ಮಣ್ಣು ಮಾರ್ಚಿನ ಹೊತ್ತಿಗೆ ಒಣಗಿ ಅರ್ಥಿಂಗ್ ಸೊರಗುತ್ತದೆ. ಗುಂಡಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಸುರಿಯಿರಿ. ತಿಂಗಳಿಗೊಮ್ಮೆ ರಕ್ಷಕದ ಮೇಲಿನ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಿರಿ. ಅರ್ಥಿಂಗ್ ಸರಿಯಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ, ಅದಕ್ಕೆ ಮೀಟರು ಬೇಕು. ಆದರೆ ಒತ್ತಿದರೂ ರಕ್ಷಕ ಬೀಳದಿದ್ದರೆ ಅದನ್ನು ಅಂದೇ ಬದಲಾಯಿಸಬೇಕು.