ನೋವಿಲ್ಲದ ಕಾಮಾಲೆ

ಮೇದೋಜ್ಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡವಾಗಿ. ಉದ್ದ ಸುಮಾರು 15 ಸೆಂಟಿಮೀಟರ್. ಉಂಡದ್ದನ್ನು ಅರಗಿಸುವ ರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಬಲಬದಿಯ ದಪ್ಪ ಭಾಗ ಅದರ ತಲೆ, ನಡುವಿನದು ಒಡಲು, ಎಡಕ್ಕೆ ಚಾಚಿದ್ದು ಬಾಲ. ಸದ್ಯಕ್ಕೆ ಇಷ್ಟು ತಿಳಿದರೆ ಸಾಕು.

ಇಲ್ಲಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ತಲೆಯ ಭಾಗದಲ್ಲೇ ಹುಟ್ಟುತ್ತವೆ. ಯಕೃತ್ತಿನಿಂದ ಬರುವ ಪಿತ್ತನಾಳ ಸಣ್ಣಕರುಳನ್ನು ಸೇರುವ ಮೊದಲು ಈ ತಲೆಯನ್ನು ಹಾದೇ ಹೋಗಬೇಕು. ಗಡ್ಡೆ ನಾಳವನ್ನು ಒತ್ತಿತೆಂದರೆ ಪಿತ್ತರಸಕ್ಕೆ ದಾರಿಯಿಲ್ಲ; ಅದರಲ್ಲಿರುವ ಬಿಲಿರುಬಿನ್ ಎಂಬ ಹಳದಿ ವರ್ಣಕ ರಕ್ತಕ್ಕೆ ಸೇರಿ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ವರ್ಣಕ ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಮೂತ್ರದಲ್ಲಿ ಇಳಿದು ಅದನ್ನು ಕಡು ಚಹಾದ ಬಣ್ಣಕ್ಕೆ ತಿರುಗಿಸುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದೂ ಇದರಿಂದಲೇ. ಕರುಳಿಗೆ ಪಿತ್ತ ಇಳಿಯದಿದ್ದರೆ ಮಲ ಬೂದುಬಿಳಿಯಾಗುತ್ತದೆ. ಕೊಬ್ಬು ಅರಗದೆ ಜಿಡ್ಡುಜಿಡ್ಡಾಗಿ ತೇಲುತ್ತದೆ, ನೀರು ಸುರಿದರೂ ಬೇಗ ಹೋಗುವುದಿಲ್ಲ. ಮೈಯೆಲ್ಲ, ಅದರಲ್ಲೂ ಅಂಗೈ ಅಂಗಾಲುಗಳಲ್ಲಿ, ರಾತ್ರಿ ನಿದ್ದೆಗೆಡಿಸುವ ತುರಿಕೆ. ಒಂದು ಸಣ್ಣ ನಾಳ ಕಟ್ಟಿಕೊಂಡ ಸುದ್ದಿ ದೇಹದ ಇಷ್ಟು ಕಡೆಯಿಂದ ಹೊರಬೀಳುವುದು ಎಷ್ಟು ಸಲ ವಿವರಿಸಿದರೂ ನನಗೆ ಬೆರಗೇ.

ಜನ ಎಡವುವುದು ಇಲ್ಲೇ. “ನೋವಿಲ್ಲ, ಜ್ವರವಿಲ್ಲ, ಬರೀ ಕಾಮಾಲೆ” ಎಂದು ಸಮಾಧಾನಪಟ್ಟುಕೊಂಡು ನಾಟಿ ಔಷಧಿಗೆ ಹೋಗುತ್ತಾರೆ. ಆ ನಂಬಿಕೆಗೆ ಕಾರಣವಿದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್ಸುಗಳ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವೇಳೆಗೆ ಕುಡಿದ ಸೊಪ್ಪಿನ ರಸಕ್ಕೆ ಹೆಸರು ಬರುತ್ತದೆ. ಗಡ್ಡೆ ಒತ್ತಿದ ನಾಳ ಹಾಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಎಣ್ಣೆ, ತುಪ್ಪ ಬಿಟ್ಟು ಪಥ್ಯ ಮಾಡುತ್ತಿರುವವರ ತೂಕ ಇಳಿದರೆ ಮನೆಯವರು ಅದನ್ನು ಪಥ್ಯದ ಲೆಕ್ಕಕ್ಕೇ ಬರೆಯುತ್ತಾರೆ. ರೋಗದ ಎರಡನೆಯ ಸೂಚನೆಯೂ ಹೀಗೆ ಮರೆಯಾಗುತ್ತದೆ.

ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಲುಡ್ವಿಗ್ ಕೂರ್ವಾಸಿಯೇ ನಾಳ ಕಟ್ಟಿದ್ದು ಗಡ್ಡೆಯಿಂದಲೋ ಪಿತ್ತಕೋಶದ ಕಲ್ಲಿನಿಂದಲೋ ಎಂದು ಊಹಿಸಲು 1890ರಲ್ಲೇ ಒಂದು ಸುಳಿವು ಕೊಟ್ಟಿದ್ದ. ಕಾಮಾಲೆಯಾದವರ ಪಿತ್ತಕೋಶ ಊದಿ ಕೈಗೆ ಸಿಗುವಂತಿದ್ದರೆ, ಅಡ್ಡಿಯಾಗಿರುವುದು ಕಲ್ಲು ಆಗಿರುವ ಸಂಭವ ಕಡಿಮೆ. ಕಲ್ಲು ಬಹುಕಾಲ ಕಾಡಿದ ಪಿತ್ತಕೋಶ ಗಾಯ ಮಾಗಿ ಮಾಗಿ ಗಟ್ಟಿಯಾಗಿರುತ್ತದೆ, ಊದಲಾರದು.

ತಲೆಯ ಗಡ್ಡೆ ಚಿಕ್ಕದಿರುವಾಗಲೇ ಕಣ್ಣು ಹಳದಿಯಾಗುವುದರಿಂದ ಶಸ್ತ್ರಚಿಕಿತ್ಸೆಗೆ ಸಿಗುವ ಅವಕಾಶವೂ ಹೆಚ್ಚು. ಆ ಅವಕಾಶವನ್ನು ಪಥ್ಯದ ವಾರಗಳಲ್ಲಿ ಕಳೆಯಬಾರದು. ಒಡಲು ಮತ್ತು ಬಾಲದ ಗಡ್ಡೆಗಳಿಗೆ ಈ ಎಚ್ಚರಿಕೆಯೂ ಇಲ್ಲ. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುವ, ಮಲಗಿದರೆ ಹೆಚ್ಚುವ, ಮುಂದಕ್ಕೆ ಬಾಗಿ ಕುಳಿತರೆ ತುಸು ತಗ್ಗುವ ನೋವು ಬರುವ ಹೊತ್ತಿಗೆ ರೋಗ ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಹೊಟ್ಟೆಯ ಸಾಧಾರಣ ಸ್ಕ್ಯಾನಿಂಗ್‌ನಲ್ಲಿ ಕರುಳಿನ ಗಾಳಿ ಅಡ್ಡಬಂದು ಗ್ರಂಥಿ ಪೂರ್ತಿ ಕಾಣದೆ ಹೋಗಬಹುದು. ಸ್ಕ್ಯಾನಿಂಗ್ ಸರಿಯಿದ್ದೂ ಲಕ್ಷಣಗಳು ಮುಂದುವರಿದರೆ ಸಿ.ಟಿ. ಬೇಕೇ ಎಂದು ವೈದ್ಯರನ್ನು ಕೇಳಿ.

ಇನ್ನೊಂದು ಸೂಚನೆ ಸಕ್ಕರೆ ಕಾಯಿಲೆಯ ವೇಷದಲ್ಲಿ ಬರುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ಶುಗರ್ ಬಂದು, ಊಟ ಕಡಿಮೆ ಮಾಡದಿದ್ದರೂ ತೂಕ ಇಳಿಯುತ್ತಿದ್ದರೆ ಅದನ್ನು ಗಮನಿಸಲೇಬೇಕು. ಗಾಬರಿ ಬೇಡ: ಅಮೆರಿಕದ ರೋಚೆಸ್ಟರ್‌ನಲ್ಲಿ ಸುರೇಶ್ ಚಾರಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತರ ನಂತರ ಶುಗರ್ ಬಂದ ಸುಮಾರು 2,100 ಮಂದಿಯಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾದದ್ದು 18 ಜನರಿಗೆ. ಈ ಕೆಲವರನ್ನು ಉಳಿದವರಿಂದ ಬೇರ್ಪಡಿಸಲು ವಯಸ್ಸು, ತೂಕದ ಏರಿಳಿತ, ರಕ್ತದ ಸಕ್ಕರೆ ಏರಿದ ಪರಿ ಈ ಮೂರರಿಂದ ಅಂಕ ಹಾಕುವ ಕ್ರಮವೊಂದನ್ನು ಚಾರಿಯವರ ತಂಡ 2018ರಲ್ಲಿ ರೂಪಿಸಿತು. ನಮ್ಮವರಿಗೆ ಸಕ್ಕರೆ ಕಾಯಿಲೆ ಇನ್ನೂ ಚಿಕ್ಕ ವಯಸ್ಸಿನಲ್ಲಿ, ಸಣಕಲು ಮೈಯವರಿಗೂ ಬರುತ್ತದೆ. ಹಾಗಾಗಿ ಆ ಅಂಕಗಳನ್ನು ಇಲ್ಲಿಯ ರೋಗಿಗಳ ಮೇಲೆ ಒರೆಗೆ ಹಚ್ಚಲೇಬೇಕು. ಜಿಲ್ಲಾ ಆಸ್ಪತ್ರೆಗಳ ಶುಗರ್ ಕ್ಲಿನಿಕ್ಕುಗಳಲ್ಲಿ ಪ್ರತಿ ಭೇಟಿಗೂ ತೂಕ ಬರೆದಿಡುವ ರೂಢಿ ಬಂದರೆ ಆ ಕೆಲಸಕ್ಕೆ ಬೇಕಾದ ಅರ್ಧ ಸಾಮಗ್ರಿ ಸಿಕ್ಕಂತೆ. ಇದನ್ನು ಓದುತ್ತಿರುವ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನೇ ತಮ್ಮ ಅಧ್ಯಯನಕ್ಕೆ ಆರಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ.