ಮಿದುಳಿನ ಪಿಸುಮಾತು ಕೇಳುವ ಬಗೆ

ಬಿಕ್ಕೋಡಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಹುಡುಗನೊಬ್ಬ ಫಿಟ್ಸ್ ಬಂದು ಬಿದ್ದ. ನೆರೆದವರು ಬೀಗದ ಕೈ ಗೊಂಚಲು ಹುಡುಕಿ ಅವನ ಕೈಗಿಟ್ಟರು. ಎರಡು ನಿಮಿಷದಲ್ಲಿ ಫಿಟ್ಸ್ ತಾನಾಗಿಯೇ ನಿಂತಿತು. ಹೆಸರು ಬಂದದ್ದು ಮಾತ್ರ ಬೀಗದ ಕೈಗೆ! ನಿಜಕ್ಕೂ ಅವನ ಮಿದುಳಿನಲ್ಲಿ ನಡೆದದ್ದು ವಿದ್ಯುತ್ತಿನ ಗದ್ದಲ.

ನಮ್ಮ ನರಕೋಶಗಳು ಮಾತಾಡುವುದು ವಿದ್ಯುತ್ತಿನ ಭಾಷೆಯಲ್ಲಿ. ಮನುಷ್ಯನ ತಲೆಯಿಂದ ಅದನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಅದೇ ಇಂದಿನ ಇಇಜಿ.

ಇದು ಸುಲಭದ ಕೆಲಸವಲ್ಲ. ನೆತ್ತಿಯ ಮೇಲೆ ಸಿಗುವುದು ಹೆಚ್ಚೆಂದರೆ 100 ಮೈಕ್ರೋವೋಲ್ಟ್‌ನಷ್ಟು. ಅಂದರೆ ಟಾರ್ಚ್ ಸೆಲ್ಲಿನ 15,000ದಲ್ಲಿ ಒಂದು ಪಾಲು. ಕೋಣೆಯ ವೈರಿಂಗ್‌ನ 50 ಹರ್ಟ್ಜ್ ಗದ್ದಲ ಅದನ್ನು ಮುಳುಗಿಸಿಬಿಡುತ್ತದೆ. ಆದ್ದರಿಂದ ಎರಡು ಎಲೆಕ್ಟ್ರೋಡ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಆಂಪ್ಲಿಫೈಯರ್ ಬಳಸುತ್ತಾರೆ. ಎರಡಕ್ಕೂ ಸಮನಾಗಿ ಬಂದ ಗದ್ದಲ ಕಳೆದುಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ 64 ಎಲೆಕ್ಟ್ರೋಡ್‌ಗಳಿಂದ ವೃದ್ಧರ ಮಿದುಳಿನ ಅಲೆಗಳನ್ನು ದಾಖಲಿಸಿತು. ನೆನಪಿನ ಶಕ್ತಿ ಕುಂದತೊಡಗಿದವರಲ್ಲಿ 'ಗಾಮಾ' ಎಂಬ ಅಲೆಗಳು ದುರ್ಬಲವಾಗಿರುವುದನ್ನು 2021ರಲ್ಲಿ ಪ್ರಕಟಿಸಿತು.

ಆದರೂ ಇದು ಸಂತೆಯ ಹೊರಗೆ ನಿಂತು ಗಲಾಟೆ ಕೇಳಿದಂತೆ. ಒಬ್ಬೊಬ್ಬರ ಮಾತು ಕೇಳಬೇಕಾದರೆ ಒಳಗೇ ಹೋಗಬೇಕು. 2017ರಲ್ಲಿ ಬಂದ 'ನ್ಯೂರೋಪಿಕ್ಸೆಲ್ಸ್' ಅಂಥ ಒಂದು ಸಿಲಿಕಾನ್ ಕಡ್ಡಿ. ಉದ್ದ 10 ಮಿಲಿಮೀಟರ್, ಅಗಲ ಕೂದಲೆಳೆಯಷ್ಟು. ಅದರಲ್ಲಿ 960 ಕೇಳುವ ತಾಣಗಳಿದ್ದು, ಏಕಕಾಲಕ್ಕೆ 384ನ್ನು ಆಲಿಸಬಹುದು. ಅಷ್ಟೂ ತಂತಿಗಳನ್ನು ಹೊರಗೆಳೆಯುವುದೆಲ್ಲಿ? ಮೇಷ್ಟ್ರು ಹಾಜರಿ ಕೂಗಿದಂತೆ ಚಿಪ್ ಒಂದೊಂದು ತಾಣವನ್ನೂ ಸರದಿಯ ಮೇಲೆ ವಿಚಾರಿಸಿ, ಕೆಲವೇ ತಂತಿಗಳಲ್ಲಿ ಸುದ್ದಿ ಕಳಿಸುತ್ತದೆ. ಪ್ರತಿ ತಾಣಕ್ಕೂ ಸೆಕೆಂಡಿಗೆ 30,000 ಸಲ ಹಾಜರಿ! ಒಂದು ಗಂಟೆಗೆ ಸುಮಾರು 50 ಗಿಗಾಬೈಟ್ ಮಾಹಿತಿ. ಇಷ್ಟು ಕೆಲಸ ಮಾಡಿಯೂ ಚಿಪ್ ಬಿಸಿಯಾಗಬಾರದು. ಆದರೆ ಕೋಮಲವಾದ ಮಿದುಳಿಗೆ ಅಪಾಯ. ಇದರ ಬಳಕೆ ಹೆಚ್ಚಾಗಿ ಪ್ರಾಣಿಗಳ ಸಂಶೋಧನೆಯಲ್ಲಿ. 2022ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಮನುಷ್ಯರಲ್ಲೂ ಬಳಸಲಾಗಿದೆ.

ಪಾಲಕರಲ್ಲಿ ಒಂದು ಮಾತು. ಮಕ್ಕಳಿಗೆ ಫಿಟ್ಸ್ ಬಂದರೆ ಮುಚ್ಚಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ; ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಇಇಜಿ ನೋವಿಲ್ಲದ ಪರೀಕ್ಷೆ. ಹೆಚ್ಚಿನವರಲ್ಲಿ ಔಷಧಿಯಿಂದಲೇ ಫಿಟ್ಸ್ ಹತೋಟಿಗೆ ಬರುತ್ತದೆ.

ಮಕ್ಕಳೇ, 'ವಿಭವಾಂತರ' ಬರೀ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಲ್ಲ. ಬೀಗದ ಕೈ ಮಾಡಲಾಗದ ಕೆಲಸವನ್ನು ಮಾಡಲು ದಾರಿ ತೋರಿದ್ದು ಅದೇ.